ಕಲ್ಲಿನೊಳಗಿನ ಬಾಡಿಗೆದಾರ

ಹಲೋ... ಹಲೋ, ಯಾರು ಮಾತಾಡ್ತಿರೋದು? ಹಾಂ, ಗಾಜಿನಂಗಡಿನೇ. ಏನು ಬೇಕಿತ್ತು, ಕಿಟಕಿಗಾ, ಫೋಟೋಗಾ?...

ಥೂ, ನೀನೇನೋ! ಭಾವಾ ಅಂತ ಶುರು ಮಾಡೋದ್ಬಿಟ್ಟು "ಮಾಲೀಕರು ಇದಾರಾ" ಅಂತೀಯಲ್ಲ, ಯಾರೋ ದೊಡ್ಡ ಗಿರಾಕಿ ಅನ್ಕೊಂಡು ಎದ್ದು ನಿಂತ್ಬಿಟ್ಟೆ. ನಿಮ್ಮಕ್ಕ ಮನೇಲಿದಾಳೆ, ಅಲ್ಲಿಗೆ ಮಾಡು... ನನ್ನ ಹತ್ರಾನೇ ಮಾತಾಡ್ಬೇಕಾ? ಹೇಳಪ್ಪ ಟೈಲರೇ...

ಮೀನು ಕಾಣ್ತಿಲ್ವಾ? ಯಾವುದು, ಆ ಕಿತ್ತಳೆ ಬಣ್ಣದ್ದಾ? ನಿನ್ನ ಮಗಳು ಪುಟ್ಟಿ ಹಠ ಹಿಡಿದು ತರಿಸಿದ್ದು ಅಲ್ವಾ? ಎಂಬತ್ತು ಲೀಟರ್ ಟ್ಯಾಂಕಲ್ಲಿ ಅದೆಲ್ಲಿಗೆ ಹೋಗತ್ತೋ, ತವರುಮನೆಗಾ?... ನೆಲದ ಮೇಲೆ ನೋಡಿದ್ಯಾ? ಹಾರಿ ಬಿದ್ದಿರತ್ತೆ. ಬೆಕ್ಕೇನಾದ್ರೂ... ಬೆಕ್ಕೇ ಇಲ್ವಾ. ಸರಿ.

ಸಮುದ್ರದ ಮೀನು ಅದು, ನೀರಿಗೆ ಉಪ್ಪು ನೆಟ್ಟಗೆ ಹಾಕಿದೀಯ ತಾನೇ? ಅಡುಗೆಮನೆ ಉಪ್ಪು ಸುರಿದು ಉಳಿತಾಯ ಮಾಡಿದ್ರೆ ಅದು ಸಮುದ್ರ ಆಗಲ್ಲ, ಕಣ್ಣೀರಾಗತ್ತೆ... ಹಾಂ, ತೇಲೋ ಮೀಟರಲ್ಲಿ ಅಳತೆ ನೋಡಿದೀಯಾ... ಮೂರು ವಾರ ಬರೀ ಕಲ್ಲು, ಮರಳು ಇಟ್ಟು ಪಂಪ್ ಓಡಿಸಿ, ಆಮೇಲೇ ಮೀನು ಬಿಟ್ಯಾ?... ಹಂಗಾದ್ರೆ ಎಲ್ಲಾ ಸರಿಯಿದೆಯಲ್ಲೋ.

ಬಸವನಹುಳೂನೂ ಕಮ್ಮಿ ಆಗಿದಾವಾ? ಐದಿತ್ತಲ್ವಾ... ಈಗ ಒಂದೇನಾ? ಚಿಪ್ಪು ಸಿಕ್ಕಿದಾವಾ? ಎಲ್ಲಿ?... ಕಲ್ಲಿನ ಮುಂದೆ, ಗುಡಿಸಿ ರಾಶಿ ಹಾಕಿದ ಹಾಗೆ. ಒಡೆದಿದಾವಾ?... ಎಲ್ಲಾದ್ರಲ್ಲೂ ಒಂದೇ ಕಡೆ ತೂತು...

ತಾಳು, ತಾಳು. ಒಂದು ಮಾತು ಕೇಳ್ತೀನಿ, ಯೋಚ್ನೆ ಮಾಡಿ ಹೇಳು. ಟ್ಯಾಂಕಿಂದ ಶಬ್ದ ಏನಾದ್ರೂ ಬರತ್ತಾ?...

ಟಿಕ್ ಅಂತಾನಾ?... ನಿನ್ನ ಹೊಲಿಗೆ ಮಿಷನ್ನು ಅನ್ಕೊಂಡ್ಯಾ. ಮಿಷನ್ ನಿಲ್ಸಿದಾಗ್ಲೂ ಬರತ್ತಾ?... ಬರತ್ತೆ.

ಏಯ್! ಕೈ ಹಾಕ್ಬೇಡ! ಕಲ್ಲು ಎತ್ತಿ ನೋಡ್ತೀನಿ ಅನ್ನೋ ಮಾತೇ ಬೇಡ. ಕತ್ತರಿ ಹಿಡಿಯೋ ಹೆಬ್ಬೆರಳು ಬೇಕೋ ಬೇಡ್ವೋ ನಿಂಗೆ?...

ಹೇಳ್ತೀನಿ ಕೇಳು. ಆ ಕಲ್ಲು ನಾನೇ ತಂದ್ಕೊಟ್ಟಿದ್ದು ಅಲ್ವಾ, ಬಂದರಿನ ಮುದುಕನ ಹತ್ರ, ಪುಕ್ಕಟೆ. ಅಂಗಡೀಲಿ ಅಂಥ ಕಲ್ಲಿಗೆ ಚಿನ್ನದ ಬೆಲೆ ಹೇಳಿದ್ರು ಅಂತ. ಅದರ ತೂತಲ್ಲಿ ಒಬ್ಬ ಬಾಡಿಗೆದಾರ ಇದಾನೆ. ಸೀಗಡಿ ಜಾತಿನೇ, ಆದ್ರೆ ಸೀಗಡಿಗಳ ವಂಶದಲ್ಲಿ ರೌಡಿ. ನಿನ್ನ ಬೆರಳುದ್ದ ಇರ್ತಾನೆ. ಎರಡು ಮುಷ್ಟಿ ಮಡಚ್ಕೊಂಡು ಕೂತಿರ್ತಾನೆ, ಗುದ್ದಿದ ಅಂದ್ರೆ ಗುಂಡು ಹಾರಿಸಿದ ಹಾಗೆ. ಆ ಮುದುಕನ ಎಡಗೈ ಹೆಬ್ಬೆರಳು ನೋಡ್ಬೇಕು ನೀನು, ಕತ್ತರಿ ಬಾಯಿ ಥರ ಎರಡು ಹೋಳು. ಅವನು ಈ ಸೀಗಡೀನ ಇಡೋದು ಕಬ್ಬಿಣದ ಬಕೆಟ್ಟಲ್ಲಿ. ಗಾಜಿನ ಜಾಡೀಲಿ ಯಾಕಿಡಲ್ಲ ತಾತ ಅಂದೆ. ನಕ್ಕುಬಿಟ್ಟ...

ನಗು, ನೀನೂ ನಗು... ಹೌದಪ್ಪ, ನಾನು ಕೂರಿಸಿದ ಕನ್ನಡೀಲಿ ಒಬ್ಬಮ್ಮಂಗೆ ಮುಂದಿನ ವಾರದ ಮುಖ ಕಂಡಿತು ಅಂದಿದ್ದೆ, ಅದು ಸುಳ್ಳು. ಗಾಜು ತಿನ್ನೋ ಮೇಕೆ? ಅದೂ ಸುಳ್ಳು. ಅರ್ಧ ಸುಳ್ಳು. ಮೇಕೆ ಇತ್ತು. ಆದ್ರೆ ಇದು ನಿಜ ಕಣೋ... ಯಾರ ಆಣೆ ಹಾಕ್ಲಿ? ನಿಮ್ಮಕ್ಕನಾಣೆ... ಅದಕ್ಕೂ ನಗ್ತೀಯಲ್ಲೋ!

ಅದನ್ನ ಎಬ್ಬಿಸೋ ಉಪಾಯ ಇತ್ತು. ಟ್ಯಾಂಕಿಗೆ ಇಳಿಸೋ ಮುಂಚೆ ತೂತೊಳಗೆ ಸೋಡಾ ಹುಯ್ದ್ರೆ ಉಸಿರು ಕಟ್ಟಿ ಆಚೆ ಬರತ್ತಂತೆ. ಮುದುಕ ಸೋಡಾ ಬಾಟ್ಲಿನೂ ಕೈಗೆ ಕೊಟ್ಟಿದ್ದ... ಎಲ್ಲೋಯ್ತು ಅಂದ್ರೆ? ಬಿಸಿಲಿತ್ತು ಕಣೋ. ಕುಡಿದ್ಬಿಟ್ಟೆ.

ಆಯ್ತಾಯ್ತು, ತಪ್ಪು ನಂದೇ. ಕಲ್ಲು ಟ್ಯಾಂಕಲ್ಲಿ ಯಾವ ಕಡೆ ಇದೆ?... ಹಿಂದುಗಡೆ ಗಾಜಿಗೆ ಒರಗಿಸಿದೀಯಾ. ಮುಂದೆ ಅಷ್ಟು ಜಾಗ ಇತ್ತಲ್ಲೋ, ಹಿಂದಕ್ಕೇ ಯಾಕೆ ಇಟ್ಟೆ!... ಸ್ವಲ್ಪ ಬಗ್ಗಿ ಗೋಡೆ ಕಡೆಯಿಂದ ನೋಡು. ಗಾಜಿನ ಮೇಲೆ ಏನಾದ್ರೂ ಇದೆಯಾ?...

ಕೂದಲಾ?... ಪುಟ್ಟೀದು ಇರ್ಬೇಕು ಅಂತೀಯಾ. ಒರೆಸಿ ನೋಡು... ಹೋಗ್ತಿಲ್ವಾ? ಒದ್ದೆ ಬಟ್ಟೇಲಿ?... ಆಗ್ಲೂ ಹೋಗ್ತಿಲ್ಲ. ಬೇಡ, ಉಗುರಲ್ಲಿ ಕೆರೀಬೇಡ. ಮುಟ್ಲೇಬೇಡ ಇನ್ಮೇಲೆ. ಅದು ಕೂದಲಲ್ಲ ಕಣೋ, ಬಿರುಕು.

ಕೂತ್ಕೋ. ಇಲ್ಲ, ಕೂತ್ಕೋಬೇಡ, ನಿಂತೇ ಕೇಳು. ಟ್ಯಾಂಕಿಗೆ ನಾಲ್ಕೂ ಕಡೆ ಎಂಟು ಎಂಎಂ ಗಾಜು ಹಾಕಿದೀನಿ ಅಂದಿದ್ನಲ್ಲ. ಮೂರು ಕಡೆ ಎಂಟು. ಹಿಂದಿನದು ನಾಲ್ಕು... ಯಾವುದೋ ಮುಚ್ಚಿದ ಬೇಕರಿ ಬೀರು ಬಾಗಿಲಿಂದು. ಗೋಡೆ ಕಡೆ ಇರತ್ತೆ, ಯಾರು ನೋಡ್ತಾರೆ ಅಂತ. ಕೈಯಲ್ಲಿ ಕಾಸಿಲ್ಲ ಭಾವ, ಕಮ್ಮೀಲಿ ಮಾಡ್ಕೊಡು ಅಂದೋನು ನೀನೇ ತಾನೇ?... ಬೈಯೋದು ಆಮೇಲೆ ಬೈಯೋ! ಟ್ಯಾಂಕ್ ಕೆಳಗೆ ಏನಿದೆ, ಅದು ಹೇಳು...

ಬಟ್ಟೆ ಕತ್ತರಿಸೋ ಮೇಜು. ಮೇಜಿನ ಕೆಳಗೆ?... ಪ್ಲಗ್ ಬೋರ್ಡು. ಪಂಪು, ಲೈಟು, ಹೀಟರು, ಇಸ್ತ್ರಿಪೆಟ್ಟಿಗೆ, ಮಿಷನ್ನು, ಎಲ್ಲಾ ಒಂದೇ ಬೋರ್ಡಿಗಾ?... ಅದು ಉಪ್ಪುನೀರು ಕಣೋ! ಕರೆಂಟು ಅದರ ಮೇಲೆ ಕುದುರೆ ಸವಾರಿ ಮಾಡ್ಕೊಂಡು ಬರತ್ತೆ.

ಪುಟ್ಟಿ ಎಲ್ಲಿ?... ಸ್ಕೂಲಿಲ್ವಾ ಇವತ್ತು?... ಟ್ಯಾಂಕಿಗೆ ಮೂಗು ಅಂಟಿಸ್ಕೊಂಡು ಕೂತಿದಾಳಾ. ಬರಿಗಾಲಲ್ಲಾ?... ಎತ್ಕೊಂಡು ಆಚೆ ಹೋಗೋ!... ಮೀನು ಕಾಣೋವರೆಗೂ ಏಳಲ್ಲ ಅಂತಾಳಾ? ಮಗು ಕಣೋ ಅದು, ನಿಂಗಿಂತ ದೊಡ್ಡದಾ?... ಇಲ್ಲ ಮಾರಾಯ, ಹೆದರಿಸ್ತಿಲ್ಲ ನಾನು... ಯಾವ ಬೇಕರಿ ಅನ್ನೋದು ಈಗ ಮುಖ್ಯಾನಾ? ಅವಳ ಕೈಗೆ ಫೋನ್ ಕೊಡು. ಕೊಡೋ ಅಂದ್ರೆ!...

ಪುಟ್ಟೀ, ಮಾವ ಕಣೇ... ಹಾಂ, ಕಥೆ ಹೇಳೋಕೇ ಕರೆದಿದ್ದು. ನಿಮ್ಮ ಟ್ಯಾಂಕು ಒಡೆದೋಗತ್ತೆ, ಅಷ್ಟರೊಳಗೆ ನೀನು ಆಚೆ ಹೋಗ್ಬೇಕು... ಸಪ್ಪೆ ಕಥೆನಾ? ಸರಿ, ಇನ್ನೊಂದು. ಕಲ್ಲೊಳಗೆ ಒಬ್ಬ ಕುಸ್ತಿಪಟು ಇದಾನಲ್ಲ, ಅವನು ನಿನ್ನ ಮೀನನ್ನ ಪೋಸ್ಟ್‌ಮ್ಯಾನ್ ಕೆಲ್ಸಕ್ಕೆ ಇಟ್ಕೊಂಡಿದಾನೆ. ಈಗ ಅದು ಕೆಳಗೆ ಗೇಟಿನ ಹತ್ರ ಕಾಯ್ತಿದೆ, ನಿಂಗೊಂದು ಕಾಗದ ಹಿಡ್ಕೊಂಡು. ಹತ್ತು ಎಣಿಸೋದ್ರೊಳಗೆ ಹೋಗ್ಲಿಲ್ಲ ಅಂದ್ರೆ ಮೀನಿನ ಕೈ ಒದ್ದೆ ಅಲ್ವಾ, ಅಕ್ಷರ ಎಲ್ಲಾ ಅಳಿಸೋಗತ್ತೆ... ಹೌದೇ, ನಾನೇ ನೋಡ್ದೆ. ಟೋಪಿ ಬೇರೆ ಹಾಕಿದೆ. ಓಡು! ಒಂದು... ಎರಡು...

ಹಲೋ? ಹೋದ್ಲಾ?... ಮೆಟ್ಟಿಲು ಇಳಿದ್ಲಾ. ಅಬ್ಬಾ. ನಿಜ ಹೇಳಿದ್ರೆ ನಮ್ಮ ಮನೆಯವರು ಯಾರೂ ಕೂತಲ್ಲಿಂದ ಏಳಲ್ಲ. ಈಗ ನೀನು... ಪ್ಲಗ್ ಕೀಳ್ಬೇಡ! ಬೋರ್ಡ್ ಹತ್ರ ಬಗ್ಗಲೇಬೇಡ! ಮೇನ್ ಸ್ವಿಚ್ಚೇ ತೆಗಿ. ಬಾಗಿಲ ಪಕ್ಕದಲ್ಲೇ ಅಲ್ವಾ?... ಮೇನ್ ತೆಗೆದ್ರೆ ಈ ಕಾರ್ಡ್‌ಲೆಸ್ ಫೋನೂ ಕಟ್ಟಾಗತ್ತಾ? ಇದೂ ಕರೆಂಟಿಂದೇನಾ... ಆಗ್ಲಿ ಬಿಡೋ! ಕಟ್ಟಾಯ್ತು ಅಂದ್ರೆ ನೀನು ಮೇನ್ ತೆಗ್ದೆ ಅಂತ ನಂಗೂ ಗೊತ್ತಾಗತ್ತೆ. ಹೋಗು.

ಎಷ್ಟು ಹೆಜ್ಜೆ ಬಾಗಿಲಿಗೆ?... ಆರು. ಮಾತಾಡ್ತಾನೇ ನಡಿ... ಯಾಕೆ ನಿಂತೆ?... ಟಿಕ್ ಅನ್ನೋದು ನಿಂತೋಯ್ತಾ? ಲೋ, ಅದು ಒಳ್ಳೇದಲ್ಲ, ತಿರುಗಿ ನೋಡ್ಬೇಡ, ನಡಿ...

ಅದೇನದು ಶಬ್ದ?... ಏನು ತಣ್ಣಗೆ? ಕಾಲಿಗಾ?... ಎಷ್ಟು ಹೆಜ್ಜೆ ಆಯ್ತೋ?... ನಾಲ್ಕಾ. ಇನ್ನೆರಡು ಕಣೋ, ಇನ್ನೆರಡೇ...

ಹಲೋ?... ಹಲೋ... ಮೇನ್ ತೆಗ್ದೆ ಅಲ್ವಾ?... ಲೋ... ನೀನೇ ತೆಗ್ದಿದ್ದು ಅಲ್ವಾ?...