ಹಿಮ ತೆಗೆಯುತ್ತಿದ್ದವನ ಹೆಸರು

ಅಮೆರಿಕದ ಒಂದು ಊರಲ್ಲಿ ಒಬ್ಬ ಹೆಂಗಸಿದ್ದಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಒಂಟಿ. ಯುರೋಪಿನಲ್ಲಿ, ಇಟಲಿಯ ಗುಡ್ಡದ ಮೇಲಿನ ಒಂದು ಹಳೆಯ ಊರಲ್ಲಿ ಇನ್ನೊಬ್ಬಳಿದ್ದಳು. ಅವಳೂ ಒಂಟಿಯೇ. ಮೊದಲನೆಯವಳನ್ನು ಅಕ್ಕ ಎನ್ನೋಣ, ಎರಡನೆಯವಳನ್ನು ತಂಗಿ ಎನ್ನೋಣ. ಒಡಹುಟ್ಟಿದವರಲ್ಲ, ನೋಡಿ. ಫೋನಿನಲ್ಲಿ ಪರಿಚಯವಾದವರು. ಆದರೆ ಇಬ್ಬರ ಕೊರಗೂ ಒಂದೇ ಆಗಿತ್ತು, ಅದಕ್ಕೆ ಹಾಗೆಂದೆ.

ಅಕ್ಕನಿಗೆ ತನ್ನ ಊರು ಕಂಡರಾಗುತ್ತಿರಲಿಲ್ಲ. ಅಗಲವಾದ ರಸ್ತೆ, ಮುಚ್ಚಿದ ಬಾಗಿಲುಗಳು, ಕಾರಿಳಿದವರು ನೇರ ಮನೆಯೊಳಗೆ. "ಇಲ್ಲಿ ಸತ್ತರೂ ಕೇಳೋರಿಲ್ಲ ಕಣೇ. ನಿಮ್ಮ ಕಡೆ ಸಂಜೆಯಾದರೆ ಜನ ಬೀದೀಲಿ ಕೂತು ಹರಟ್ತಾರಂತೆ. ಬದುಕು ಅಂದ್ರೆ ಅದು" ಎನ್ನುತ್ತಿದ್ದಳು.

"ಅಯ್ಯೋ ಸುಮ್ನಿರಕ್ಕ!" ಎನ್ನುತ್ತಿದ್ದಳು ತಂಗಿ. "ನಾನು ಮೀನು ತಂದರೆ ಯಾವ ಮೀನು, ಯಾರಿಗೆ ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ನಿಮ್ಮಲ್ಲಾದರೆ ಯಾರೂ ಯಾರ ತಂಟೆಗೂ ಬರಲ್ಲ, ಎಲ್ಲ ತಾನಾಗೇ ನಡೆಯುತ್ತೆ. ಸ್ವರ್ಗ!"

ಆ ದೇಶಗಳಲ್ಲಿ ಒಂದು ರೂಢಿ ಇದೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು, ಇನ್ನೊಬ್ಬರ ಮನೆಯಲ್ಲಿ ಇವರು, ಕೆಲವು ತಿಂಗಳು ಅದಲುಬದಲಾಗಿ ಇರುವುದು. ಇವರಿಬ್ಬರೂ ಹಾಗೇ ಮಾಡಿದರು. ಹೊರಡುವ ಮುಂಚೆ ಅಕ್ಕ ಫೋನಿನಲ್ಲಿ ಎಲ್ಲ ಹೇಳಿದಳು. ಯಾವ ನಲ್ಲಿ ಬಿಗಿ, ಫ್ರಿಜ್ಜಿನ ಬಾಗಿಲನ್ನು ಹೇಗೆ ಒತ್ತಬೇಕು, ಕಸ ಯಾವ ದಿನ ಹೊರಗಿಡಬೇಕು. ಮನೆಯ ಬಗ್ಗೆ ಎಲ್ಲ ಹೇಳಿದಳು. ಪಕ್ಕದ ಮನೆಯ ಬಗ್ಗೆ? ಒಂದು ಮಾತೂ ಹೇಳಲಿಲ್ಲ.

ಗುಡ್ಡದ ಊರಿಗೆ ಬಂದ ಅಕ್ಕ ಮೊದಲ ಸಂಜೆ ಬೀದಿಗಿಳಿದಳು. ಆ ಕಡೆ ಚಳಿಗಾಲವೂ ಹಿತ, ಹೆಂಗಸರು ಗುಂಪಾಗಿ ಕೂತಿದ್ದರು. ಆದರೆ ಅಲ್ಲಿ ಅವರವರ ಕುರ್ಚಿಯನ್ನು ಅವರವರ ಮನೆಯಿಂದಲೇ ತರಬೇಕು. ಅದು ಇವಳಿಗೇನು ಗೊತ್ತು? ಬರಿಗೈಯಲ್ಲಿ ನಿಂತಳು. ಆಗ ಒಬ್ಬ ಮುದುಕಿ ಒಳಗೆ ಹೋಗಿ, ಅಡುಗೆಮನೆಯ ಕುರ್ಚಿ ತಂದು, ಸೆರಗಿನಂಥ ತನ್ನ ಏಪ್ರನ್ನಿನಿಂದ ಒರೆಸಿ ಇಟ್ಟಳು.

ಅಕ್ಕನಿಗೆ ಕಣ್ಣು ತುಂಬಿ ಬಂತು. ಕೆಲವು ದಿನ ಕಳೆದು ತಂಗಿಗೆ ಫೋನು. "ನೋಡೇ, ಗುರುತು ಪರಿಚಯ ಇಲ್ಲದೋಳಿಗೆ ಕುರ್ಚಿ ಕೊಟ್ಟರು. ನಮ್ಮೂರಲ್ಲಿ ಇಂಥ ಜನ ಎಲ್ಲಿದ್ದಾರೆ?"

ತಂಗಿ ಬಿಟ್ಟಾಳೆಯೇ? "ನಿಮ್ಮೂರಿನ ವ್ಯವಸ್ಥೆ ಮುಂದೆ ಕುರ್ಚಿ ಯಾವ ಲೆಕ್ಕ ಅಕ್ಕ! ಹಿಮ ಬಿದ್ದಿದ್ದೇ ತಡ, ನಾನು ಏಳೋ ಹೊತ್ತಿಗೆ ಬಾಗಿಲಿಂದ ರಸ್ತೆತನಕ ದಾರಿ ಮಾಡಿಟ್ಟಿರುತ್ತೆ ನಿಮ್ಮ ಸರ್ಕಾರ. ಒಬ್ಬ ಮುದುಕನ್ನ ಇಟ್ಟಿದ್ದಾರೆ. ಸಲಿಕೆ ಹಿಡಿದು ಬರ್ತಾನೆ, ತೆಗೀತಾನೆ, ಹೋಗ್ತಾನೆ."

ಸರ್ಕಾರವಲ್ಲ ತಾಯಂದಿರೇ. ಅಲ್ಲಿ ಮನೆಯ ಮುಂದಿನ ಹಿಮವನ್ನು ಮನೆಯವರೇ ತೆಗೆಯಬೇಕು. ಆ ಮುದುಕ ಪಕ್ಕದ ಮನೆಯವನು. ಅಕ್ಕನ ಗಂಡ ತೀರಿಹೋದ ವರ್ಷದಿಂದ ಪ್ರತಿ ಚಳಿಗಾಲವೂ ಮೊದಲು ಅವಳ ಬಾಗಿಲ ಹಿಮ ತೆಗೆದು, ಆಮೇಲೆ ತನ್ನ ಬಾಗಿಲಿಗೆ ಹೋಗುತ್ತಿದ್ದವನು. ಅಕ್ಕನಿಗೆ ಇದು ಗೊತ್ತಿತ್ತು. ಒಂದು ಮಾತಿನಲ್ಲಿ ತಿದ್ದಬಹುದಿತ್ತು. ಆದರೆ ಅವಳ ಮನಸ್ಸೆಲ್ಲ ಆ ಕುರ್ಚಿಯ ಮೇಲಿತ್ತು. ನಕ್ಕು, "ಹೂಂ, ಅದೊಂದಿದೆ" ಎಂದಳು. ಮತ್ತೆ ಕುರ್ಚಿಯ ಮಾತಿಗೆ ಬಂದಳು.

ನೋಡಿ, ದೂರದ ಊರಲ್ಲಿ ಒಮ್ಮೆ ಕೊಟ್ಟ ಕುರ್ಚಿ ದೊಡ್ಡದಾಗಿ ಕಂಡಿತು. ಪಕ್ಕದ ಮನೆಯವನು ಚಳಿಯಲ್ಲಿ ನಿಂತು ತೆಗೆದ ಹಿಮ ಕಾಣಲಿಲ್ಲ. ಕಣ್ಣಿರಲಿಲ್ಲವೇ? ಇತ್ತು. ಕಣ್ಣು ಕಡಲಾಚೆ ನೆಟ್ಟಿತ್ತು.

ಹಿಮ ಜೋರಾಗಿ ಬಿದ್ದ ಒಂದು ಬೆಳಿಗ್ಗೆ ಮುದುಕ ಎಂದಿನಂತೆ ದಾರಿ ಬಿಡಿಸಿದ. ಆಮೇಲೆ, ಎಂದೂ ಇಲ್ಲದ್ದು, ಬಾಗಿಲು ತಟ್ಟಿದ. ತಂಗಿ ಕಿಟಕಿಯಿಂದ ನೋಡಿದಳು. ಒಂದು ಕೈಯಲ್ಲಿ ಸಲಿಕೆ ಊರಿಕೊಂಡು, ಇನ್ನೊಂದು ಕೈಯನ್ನು ಕೋಟಿನ ಮೇಲೆ ಎದೆಗಿಟ್ಟುಕೊಂಡು ನಿಂತಿದ್ದ. ಸರ್ಕಾರದ ಕೆಲಸದವನು, ಮುಗಿಯಿತು ಅಂತ ಹೇಳಲು ಬಂದಿರಬೇಕು ಎಂದುಕೊಂಡು ಗಾಜಿನ ಹಿಂದಿನಿಂದಲೇ ನಕ್ಕು, ಆಯಿತು ಹೋಗಪ್ಪ ಎಂಬಂತೆ ಕೈ ಬೀಸಿದಳು. ಅವನೂ ಕೈ ಎತ್ತಿದ. ಹೋದ.

ಮರುದಿನ ಯಾರೂ ಹಿಮ ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ತಂಗಿ ಫೋನು ಮಾಡಿದಳು.

"ಅಕ್ಕ, ನಿಮ್ಮ ಸರ್ಕಾರದ ಮನುಷ್ಯ ನಾಪತ್ತೆ. ಮೊನ್ನೆ ಬಂದು ಬಾಗಿಲು ಬೇರೆ ತಟ್ಟಿದ. ನಾನು ತೆಗೀಲಿಲ್ಲ, ಅದಕ್ಕೆ ಸಿಟ್ಟೋ ಏನೋ. ಯಾರಿಗೆ ದೂರು ಕೊಡಲಿ?"

ಬೀದಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಕ್ಕ ಎದ್ದು ನಿಂತಳು. ಅಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಅವಳ ಬಾಗಿಲು ತಟ್ಟಿದವನಲ್ಲ.

"ಸರ್ಕಾರದವನಲ್ಲ ಕಣೇ ಅವನು, ಪಕ್ಕದ ಮನೆಯವನು! ಓಡು, ಫೋನು ಇಡಬೇಡ, ಹೋಗಿ ಕೂಗು!"

ತಂಗಿ ಹಿಮ ತುಳಿದು ಓಡುವ ಸದ್ದು, ಏದುಸಿರು ಕೇಳಿಸಿತು. "ಬಾಗಿಲ ಹತ್ರ ಇದೀನಿ. ಏನಂತ ಕೂಗಲಿ ಅಕ್ಕ? ಅವನ ಹೆಸರೇನು?"

ಅಕ್ಕ ಬಾಯಿ ತೆರೆದಳು. ಹೆಸರು ಬರಲಿಲ್ಲ. ಮರೆತಿರಲಿಲ್ಲ ಅವಳು, ಎಂದೂ ಕೇಳಿಯೇ ಇರಲಿಲ್ಲ.

"ಅಕ್ಕ, ಹೆಸರು!"

"ಗೊತ್ತಿಲ್ಲ ಕಣೇ" ಎಂದಳು.

ಅವನ ಅಂಗಳದಲ್ಲಿ ಅಂಚೆಪೆಟ್ಟಿಗೆಯಿತ್ತು. ತಂಗಿ ಅದರ ಮೇಲಿನ ಹಿಮವನ್ನು ಬರಿಗೈಯಿಂದ ಒರೆಸಿ ಓದಿದಳು. ಎಲ್ಮರ್. ಅಕ್ಕ ದಿನವೂ ದಾಟಿ ಹೋಗುತ್ತಿದ್ದ ಪೆಟ್ಟಿಗೆಯೇ ಅದು. "ಎಲ್ಮರ್! ಎಲ್ಮರ್!" ಎಂದು ತಂಗಿ ಕೂಗುವುದು ಅಕ್ಕನಿಗೆ ಕೇಳಿಸಿತು. ಉತ್ತರ ಬರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲೇ ಇದ್ದ. ಬೂಟು ಕೂಡ ಬಿಚ್ಚಿರಲಿಲ್ಲ.

ಇಲ್ಲಿ ಸತ್ತರೂ ಕೇಳುವವರಿಲ್ಲ ಎಂದಿದ್ದಳಲ್ಲ ಅಕ್ಕ? ನಿಜವಾಯಿತು. ಆದರೆ ಸತ್ತವನು ಬೇರೆ. ಕೇಳದವಳು ಅವಳೇ.

ಅಕ್ಕ ಊರಿಗೆ ಮರಳಿದಳು. ಆ ಚಳಿಗಾಲ ಮುಗಿದಿರಲಿಲ್ಲ. ಹಿಮ ಬಿದ್ದ ಬೆಳಿಗ್ಗೆ ಅವಳು ಸಲಿಕೆ ಹಿಡಿದು ಮೊದಲು ಪಕ್ಕದ ಮನೆಯ ಬಾಗಿಲಿಗೆ ದಾರಿ ಬಿಡಿಸುತ್ತಾಳೆ, ಆಮೇಲೆ ತನ್ನ ಬಾಗಿಲಿಗೆ. ಆ ದಾರಿಯಲ್ಲಿ ನಡೆಯುವವರು ಯಾರೂ ಇಲ್ಲ.

ನಾವು ನಗುವುದು ಬೇಡ. ನಮ್ಮ ಮಾತೂ ಅದೇ ಅಲ್ಲವೇ? ಆ ಊರಿನ ಜನ ಎಷ್ಟು ಒಳ್ಳೆಯವರು, ಆ ದೇಶದ ಶಿಸ್ತು ನೋಡಿ, ನಮ್ಮ ಬೀದಿಯಲ್ಲಿ ಏನಿದೆ? ಏನಿದೆ ಎಂದು ನೋಡಿದ್ದೀರಾ? ನೀವು ಇಲ್ಲದಾಗ ಮಳೆ ಬಂದರೆ ನಿಮ್ಮ ಬಟ್ಟೆಯನ್ನು ತಂತಿಯಿಂದ ತೆಗೆದು ಮಡಚಿಟ್ಟವರು ಯಾರು? ಹಾಲಿನ ಪ್ಯಾಕೆಟ್ಟು ನಾಯಿಗೆ ಸಿಗದ ಹಾಗೆ ಕಿಟಕಿಯ ಮೇಲಿಡುವವನ ಹೆಸರೇನು? ಹೇಳಿ ನೋಡೋಣ. ಗೊತ್ತಿಲ್ಲ, ಅಲ್ಲವೇ? ಅಕ್ಕನಿಗೂ ಗೊತ್ತಿರಲಿಲ್ಲ.

ದೂರದೇಶ ಮೆಚ್ಚುವುದು ತಪ್ಪಲ್ಲ. ಹೋಗಿ, ನೋಡಿ ಬನ್ನಿ. ಆದರೆ ನಾಳೆ ಬೆಳಿಗ್ಗೆ ಮೊದಲು ಪಕ್ಕದ ಬಾಗಿಲ ಮುಂದೆ ನಿಂತು ಹೆಸರು ಕೇಳಿ. ಯಾರಾದರೂ ನಿಮ್ಮ ಬಾಗಿಲು ತಟ್ಟಿದರೆ ಕಿಟಕಿಯಿಂದ ಕೈ ಬೀಸಬೇಡಿ, ಎದ್ದು ಹೋಗಿ ಬಾಗಿಲು ತೆಗೆಯಿರಿ.

ನಾಳೆಯವರೆಗೂ ಯಾಕೆ? ನಾವು ಇಲ್ಲಿ ಕಥೆಗೆ ಕೂತಿರುವಾಗ ಹೊರಗೆ ಹನಿ ಬಿತ್ತು. ನಿಮ್ಮ ಚಪ್ಪಲಿಗಳನ್ನು ಯಾರೋ ಜೋಡಿ ಜೋಡಿಯಾಗಿ ಎತ್ತಿ ಸೂರಿನ ಕೆಳಗೆ ಇಟ್ಟರು. ನನಗೆ ಇಲ್ಲಿಂದ ಕಾಣುತ್ತಿತ್ತು. ಯಾರೆಂದು ನಾನು ಹೇಳುವುದಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟುವ ಮುಂಚೆ ನೀವೇ ಕೇಳಿ ತಿಳಿದುಕೊಳ್ಳಿ.