ಹತ್ತೊಂಬತ್ತು ಹೆಜ್ಜಿ

ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ಅನೂಪಗ ಆಗಿದ್ದು. ಬಾಗಲಾ ಸ್ವಲ್ಪ ಮುಂದ ಮಾಡ್ರಿ, ಹೇಳ್ತೀನಿ.

ಹೋದ ವರ್ಷದ ಥಂಡಿ ದಿನ. ವಿಜಯಪುರದಾಗಿನ ತನ್ನ ರೆಕಾರ್ಡಿಂಗ್ ಅಂಗಡಿ ಮುಚ್ಚಿ ಅನೂಪ ಕಡೀ ಬಸ್ಸಿಗೆ ತಿಕೋಟಾಕ್ಕ ಬಂದ. ಇಳದು ದ್ರಾಕ್ಷಿ ತ್ವಾಟದ ಹಾದಿ ಹಿಡದ. ಎಡಗಾಲ ಚಪ್ಪಲಿ ತಳದ ಅಟ್ಟಿ ಬಿಚ್ಚಿತ್ತು, ನಡದಂಗ ಪಟ್ಟ್... ಪಟ್ಟ್... ಕಿವ್ಯಾಗ ಇಯರ್‌ಫೋನ್. ಬಸ್ಸಿನಾಗ ಹಚ್ಚಿದ್ದ ಜಿಲಾನಿ ಆಲ್ಬಂ, ಊರ ಹೊರಗಿನ ಹಳೇ ಬಾವಿ ಹಂತ್ಯಾಕ ಬರೂದ್ರಾಗ ಎಂಟನೇ ಹಾಡಿಗೆ ಬಂದಿತ್ತು.

ಈ ಜಿಲಾನಿ ನಮ್ಮೂರಾಂವನ. ರಾಕ್ ಹಾಡಿನ ಹುಚ್ಚ. ತಾನ ಬರದು, ತಾನ ರಾಗ ಹಾಕಿ, ಗಿಟಾರ್ ಬಾರಿಸಿ, ಅನೂಪ ಹುಟ್ಟೂಕಿಂತ ಮೂರ ವರ್ಷ ಮೊದಲ ಆ ಒಂದ ಆಲ್ಬಂ ಮಾಡಿದ್ದ. ಎಲ್ಲಿ? ಅದ ಊರ ಹೊರಗಿನ ಪಾವಟಿಗಿ ಬಾವ್ಯಾಗ. ಮೊದಲನೇ ಹಾಡು ಬಾವಿ ಬಾಯಿಗೆ ಕುಂತು. ಮುಂದ ಒಂದೊಂದ ಹಾಡಿಗೂ ಎರಡ್ಮೂರು ಪಾವಟಿಗಿ ಕೆಳಗ. ಎಂಟನೇದು ನೀರಿಗೆ ಕಾಲ ಹಚ್ಚಿ. "ಗೋಳಗುಮ್ಮಟದಾಗ ದನಿ ಮ್ಯಾಲ ತಿರಗತದ, ನನಗ ಕೆಳಗ ಇಳಿಯೂ ದನಿ ಬೇಕು" ಅಂತಿದ್ದನಂತ. ಕೇಳಕೋತ ಹೋದಂಗ ಗಿಟಾರ್ ದಪ್ಪ ಆಗತದ, ಎದಿ ಮ್ಯಾಲ ಯಾರೋ ಕುಂತಂಗ ಆಗತದ. ಕಡೀಕ ಹತ್ತೊಂಬತ್ತು ಹೆಜ್ಜಿ, ಟಕ್... ಟಕ್... ಅಂವ ಮ್ಯಾಲ ಏರಿ ಬರೂ ಸಪ್ಪಳ. ಆವಾಗ ಕೇಳಾವ್ರೂ ಉಸರ ಬಿಡ್ತಾರ. ಜಿಲಾನಿ ತೀರಿದ್ದು ಮುಂದ ದವಾಖಾನ್ಯಾಗ, ಬಾವ್ಯಾಗ ಅಲ್ಲ. ಅದನ್ನ ಮೊದಲ ಹೇಳಿಬಿಡ್ತೀನಿ.

ಅವನ ತಂಗಿ ಮಕ್ತುಮಬಿ, ಉಳದಿದ್ದ ಒಂದ ಕ್ಯಾಸೆಟ್ ಅನೂಪಗ ಕೊಟ್ಟು, ಮೊಬೈಲಿಗೆ ಹಾಕಿಕೊಡಪಾ ಅಂದಿದ್ಳು.

"ಏನೂ ತೆಗೀಬ್ಯಾಡ ಬೇಟಾ."

"ಇಲ್ಲ ಚಾಚಿ, ಧೂಳ ಅಷ್ಟ ಝಾಡಸ್ತೀನಿ."

ಝಾಡಿಸಿದ. ಸರ್ ಸರ್ ಸಪ್ಪಳ ತೆಗದ. ಹತ್ತೊಂಬತ್ತು ಹೆಜ್ಜೀನೂ ಕಸಾ ಅಂತ ಕತ್ತರಿಸಿ ಒಗದ. ಶ್ಯಾಣ್ಯಾರ ತಪ್ಪು ಹಿಂಗ ಇರತಾವ ನೋಡ್ರಿ.

ಆ ರಾತ್ರಿ ಅಂವ ಕೇಳಾಕತ್ತಿದ್ದು ಆ ಕತ್ತರಿಸಿದ್ದನ್ನ. ಎಂಟನೇ ಹಾಡು ಮುಗೀತು. ಕಿವ್ಯಾಗ ಏನೂ ಇಲ್ಲ... ಕಾಲಬೆರಳಿಗೆ ನೀರು ಹತ್ತಿತು. ಬಾವಿ ತಳದ ಪಾವಟಿಗಿ ಮ್ಯಾಲ ನಿಂತಾನ. ಯಾವಾಗ ಇಳದ್ನೋ ಅವಂಗ ಗೊತ್ತಿಲ್ಲ.

ಏರಿದ. ಇಪ್ಪತ್ತು, ಮೂವತ್ತು, ನಾಲ್ವತ್ತು... ಮತ್ತ ಬೆರಳಿಗೆ ನೀರು. ಓಡಿ ಏರಿದ. ಮತ್ತ ನೀರು. ಮ್ಯಾಲ ಚುಕ್ಕಿ ಕಾಣ್ತಾವ, ಬಾವಿ ಬಾಯಿ ಇದ್ದಷ್ಟ ದೂರನ. ಫೋನ್ ಹಚ್ಚಿದ್ರ ತನ್ನ ದನೀನ ತನಗ ಕೇಳಸ್ತದ. ಮನ್ಯಾಗ ಹೆಂಡ್ತಿ ಪೂರ್ವಾ, ಎಂಟ ತಿಂಗಳ ಬಸರಿ, ಉಣ್ಣದ ಕಾಯಾಕತ್ತಾಳ. ಇನ್ನ ನಾ ಹೊರಗ ಹೋಗಾಂಗಿಲ್ಲ ಅನಸ್ತು. ಅಲ್ಲೇ ಕುಂತು ಅತ್ತ.

ಹಿಂದಿನಿಂದ, ಕಿವಿ ಹಂತ್ಯಾಕ, ಪಿಸಿಪಿಸಿ...

"ಏರೂ ಹೆಜ್ಜಿ ಎಲ್ಲಿ ಇಟ್ಟೀಯೋ?"

ಅನೂಪ ತಿರುಗಲಿಲ್ಲ. "ಕಸಾ ಅಂದ್ಕೊಂಡ್ನಿ... ತಪ್ಪಾತು."

"ನನಗೂ ಅದ ಹಾದಿ."

ಚೀಲದಾಗ ಕ್ಯಾಸೆಟ್ ಇತ್ತು. ಕತ್ತರಿಸೂ ಮುಂದ ನಾಕ ಸಲ ಕೇಳಿದ್ದ, ಹೆಜ್ಜಿ ತಾಳ ನೆನಪಿತ್ತು. ಕ್ಯಾಸೆಟ್ ಡಬ್ಬಿ ಕಲ್ಲಿನ ಗ್ವಾಡಿಗೆ ಬಡದ. ಟಕ್. ಒಂದ ಪಾವಟಿಗಿ ಏರಿದ. ಟಕ್... ಎರಡು. ಏಳನೇದಕ್ಕ ಜಿಲಾನಿ ದಮ್ಮ ತಗೋತಿದ್ದ, ಇಂವನೂ ಅಲ್ಲಿ ನಿಂತ. ಬೆನ್ನ ಹಿಂದೂ ಯಾರೋ ದಮ್ಮ ತಗೊಂಡ್ರು... ಹತ್ತೊಂಬತ್ತನೇದಕ್ಕ ಕಾಲಿಗೆ ಮಣ್ಣು ಹತ್ತಿತು. ಮನಿ ಮುಟ್ಟೂತನ ಹಿಂದ ಹೊಳ್ಳಿ ನೋಡಲಿಲ್ಲ.

ಮರುದಿನ, ಹೆಜ್ಜಿ ಮತ್ತ ಸೇರಿಸಿಕೊಡಾಕ ಅಂತ ಮಕ್ತುಮಬಿ ಮನ್ಯಾಗ ಕ್ಯಾಸೆಟ್ ಹಚ್ಚಿದ. ಪಕ್ಕದಾಗ ನಾನೂ ಇದ್ನಿ. ಕಡೀ ಹಾಡು ಮುಗೀತು. ಟಕ್... ಟಕ್... ಮುದುಕಿ ತಸಬಿ ಮಣಿ ಎಣಸೂದು ಬಿಟ್ಟು ತಲಿ ಎತ್ತಿದ್ಳು.

"ಇಷ್ಟ ವರ್ಷ ಕೇಳೇನಿ. ಒಬ್ಬಾಂವನ ಏರಿ ಬರ್ತಿದ್ದ."

ಜಿಲಾನಿ ಹೆಜ್ಜಿಕಿಂತ ಮುಂದ ಇನ್ನೊಬ್ಬಂದು ಹೆಜ್ಜಿ ಇತ್ತು. ಕ್ಯಾಸೆಟ್ ಮೂವತ್ತ ವರ್ಷದ್ದು, ಅನೂಪಗ ಇಪ್ಪತ್ತೇಳು. ಸುಳ್ಳ ಹೇಳಿ ನನಗೇನ ಬರೂದದ? ಈ ಕಿವೀಲೆ ಕೇಳೇನಿ. ಮುಂದಿನ ಆ ಹೆಜ್ಜಿ ಎಡಗಾಲ ಇಟ್ಟಾಗೊಮ್ಮೆ, ಪಟ್ಟ್... ಪಟ್ಟ್...