ಕದರಪ್ಪ ಸಾರ್ ಮೇಲೆ ಬರೆದ ತಪ್ಪು

ಪ್ರಿನ್ಸಿಪಾಲರೇ, ಲೆಕ್ಚರರುಗಳೇ, ಮಗನನ್ನು ಕಳೆದುಕೊಂಡು ಪಾವಗಡದಿಂದ ಬಂದಿರುವ ಪೆದ್ದಮ್ಮನವರೇ, ಗೆಳೆಯರೇ — ಮೊದಲ ವರ್ಷದವನು ಮೈಕ್ ಹಿಡಿದದ್ದಕ್ಕೆ ಕ್ಷಮಿಸಿ. ಆದರೆ ಈ ವರ್ಷ, ಎಂಬತ್ತೇಳರಲ್ಲಿ, ನಮ್ಮ ಮಧುಗಿರಿ ಕಾಲೇಜಿಗೆ ಕಂಪ್ಯೂಟರ್ ಬಂದಾಗಿನಿಂದ ಕದರಪ್ಪ ಸಾರ್ ಪಕ್ಕದಲ್ಲಿ ಕೂತು ಕೆಲಸ ಮಾಡಿದವನು ನಾನೊಬ್ಬನೇ.

ಎಲ್ಲರೂ ಒಳ್ಳೆಯವರು ಅಂದಿರಿ. ಒಳ್ಳೆಯವರು — ಸರಿ. ತನಿಖೆ ರಿಪೋರ್ಟಿನಲ್ಲಿ ಏನಿದೆ? ರಿಸಲ್ಟ್ ದಿನ ಅಂಕಪಟ್ಟಿಯ ಪ್ರೋಗ್ರಾಂ ಓಡದೆ ಬಿದ್ದುಹೋದದ್ದು ‘ಶ್ರೀ ಕದರಪ್ಪನವರ ಅಜಾಗರೂಕತೆ’ ಅಂತಿದೆ. ಕೊನೆಯ ಜ್ವರದಲ್ಲೂ ಅವರು ಅದನ್ನೇ ಹೇಳಿ ನರಳುತ್ತಿದ್ದರು.

ಸಾರ್ ಬರೆದದ್ದು ಒಟ್ಟಿಗೆ ಓಡುವ ಎರಡು ಪ್ರೋಗ್ರಾಂ. ಒಂದು ಅಂಕಗಳನ್ನು ತುಂಬಿ ‘ರೆಡಿ’ ಅನ್ನಬೇಕು. ಇನ್ನೊಂದು ಅದನ್ನು ನೋಡಿಕೊಂಡು ಅಚ್ಚು ಹಾಕಬೇಕು. ಬಿದ್ದದ್ದು ಯಾಕೆ ಅಂತ ಕೇಳಿದೆ. ಹಾಸ್ಟೆಲ್ ಅಡುಗೆಮನೆ ಕಡೆ ಕೈ ತೋರಿಸಿದರು — ಇಗೋ, ಹೀಗೆ.

“ಲೇ ಅಬ್ಬಾಯಿ, ನಾಗಕ್ಕ ಮುದ್ದೆ ಬಡಿಸ್ಬುಟ್ಟು ಆಮೇಲೆ ಗಂಟೆ ಹೊಡೀತಾಳೆ. ನಾವು ಬರೆದಿದ್ದನ್ನ ಮಿಷಿನ್ ಭಾಷೆಗೆ ತಿರುವೋ ಕಂಪೈಲರ್ ಐತಲ್ಲ, ಅದು ಬೋ ಬುದ್ವಂತ. ‘ಗಂಟೆಗೂ ಮುದ್ದೆಗೂ ಏನ್ ಸಂಬಂಧ? ಗಂಟೆ ಮೊದ್ಲು ಹೊಡೆದ್ರೆ ಕೆಲ್ಸ ಬೇಗ ಆಯ್ತದೆ’ ಅಂತದೆ. ನಾಗಕ್ಕ ಒಬ್ಳೇ ಇದ್ರೆ ಸರಿ ಕಣ್ಲಾ. ಗಂಟೆ ಕೇಳಿ ನೀವೆಲ್ಲ ನುಗ್ಗಿದ್ರೆ?”

“ಖಾಲಿ ತಟ್ಟೆ ಸಾರ್.”

“ಅಂಗೇ ಆಗಿರೋದು! ಅಂಕ ತುಂಬೋಕ್ ಮುಂಚೇನೇ ‘ರೆಡಿ’ ಅಂದ್ಬುಟ್ಟೈತೆ.”

ಕಂಪೈಲರ್ ಕೊಟ್ಟ ಕಂಪನಿಯ ಎಂಜಿನಿಯರ್ ಪರ್ವತಯ್ಯನವರು ಬಂದರು. ಎಲ್ಲಿ ಬೀಳುತ್ತದೆ, ತೋರಿಸಿ ಅಂದರು. ತೋರಿಸಲು, ಅಂಕ ತುಂಬುವುದಕ್ಕೂ ‘ರೆಡಿ’ಗೂ ಮಧ್ಯೆ, ಎಲ್ಲಿಗೆ ಬಂತು ಅಂತ ತೆರೆಯ ಮೇಲೆ ಹೇಳುವ ಒಂದು ಪ್ರಿಂಟ್ ಸಾಲು ಹಾಕಿದೆವು. ಆ ಸಾಲು ಅಡ್ಡ ಇದ್ದರೆ ಕಂಪೈಲರ್ ಹಿಂದುಮುಂದು ಮಾಡುವುದಿಲ್ಲ — ನಮಗೆ ಆಗ ಗೊತ್ತಿರಲಿಲ್ಲ. ಪ್ರೋಗ್ರಾಂ ಸಲೀಸಾಗಿ ಓಡಿತು!

“ನಿಮ್ಮ ಕಂಪ್ಯೂಟರಿಗೆ ನಾಚಿಕೆ ಕಣ್ರೀ, ನಾವು ನೋಡಿದ್ರೆ ನೆಟ್ಟಗಿರ್ತದೆ” ಅಂತ ನಕ್ಕು, ಆ ‘ಅಜಾಗರೂಕತೆ’ ರಿಪೋರ್ಟಿಗೆ ಸಹಿ ಹಾಕಿ ಹೋದರು. ಅವರ ಜೀಪು ತಿರುಗುವ ಹೊತ್ತಿಗೆ ನಾವು ಆ ಸಾಲು ತೆಗೆದೆವು — ಬಿತ್ತು. ಮತ್ತೆ ಓಡಿಸಿದೆವು — ಮತ್ತೆ ಬಿತ್ತು. ಬಂದು ನೋಡಿ ಅಂತ ಎಷ್ಟು ಕರೆದೆವು! ಯಾರೂ ಬರಲಿಲ್ಲ. ನನಗೆ ಇನ್ನೂ ಮೈ ಉರಿಯುತ್ತದೆ.

ಇವತ್ತು ಪೆದ್ದಮ್ಮನವರು ಗೇಟಿನಲ್ಲೇ ನನ್ನ ಕೈ ಹಿಡಿದರು. “ನಮ್ಮೋನು ಅದೇನ್ ಕೆಡಿಸ್ಬುಟ್ಟ, ನಾಯನಾ?” ಅಂದರು. ಏನು ಹೇಳಲಿ? ನೀವೇ ಹೇಳಿ, ಏನು ಹೇಳಲಿ?

ಪರ್ವತಯ್ಯ ಸಾರ್, ಎರಡನೇ ಸಾಲಿನಲ್ಲಿದ್ದೀರಿ. ಬಂದಿರಿ, ಹಾರ ಹಾಕಿದಿರಿ — ಥ್ಯಾಂಕ್ಸ್. ಕಂಪ್ಯೂಟರ್ ರೂಮು ಈ ಗೋಡೆಯ ಆಚೆಗಿದೆ. ಬೀಗದ ಕೈ ನನ್ನ ಹತ್ತಿರ ಇದೆ.

ದಯವಿಟ್ಟು ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಿ. ಆಮೇಲೆ, ಸಾರ್ — ಆ ಸಾಲು ತೆಗೆದು ಓಡಿಸಿ ನೋಡ್ತೀರಾ, ಇಲ್ಲವಾ? ಪೆದ್ದಮ್ಮನವರು ಬಸ್ಸು ಹತ್ತುವುದರೊಳಗೆ ಹೇಳಿ.